ನಡಕ್ಕೆ ಮಾಡುವ ಸೂಜಿ

ನಮ್ಮ ಸೋದರತ್ತೆ ಕಾಲು ಮುಂದಾಗಿ ಹುಟ್ಟಿದವರು. ಹುಮನಾಬಾದ ಸುತ್ತಿನ ಹಳ್ಳಿಗಳಲ್ಲಿ ಅಂಥವರಿಗೆ ಕೇಳದೆಯೇ ಒಂದು ಕೆಲಸ ಅಂಟಿಕೊಳ್ಳುತ್ತಿತ್ತು, ನಡ ಹಿಡಿದವರ ಬೆನ್ನಿಗೆ ಒದೆಯುವುದು. ಚಮಕ್ ಬಂದವರು ನಸುಕಿನಲ್ಲೇ ಬಂದು ಪಡಸಾಲೆಯಲ್ಲಿ ಬೋರಲು ಮಲಗುವರು. ಅತ್ತೆ ಸೀರೆ ನಿರಿಗೆ ಎತ್ತಿ ಹಿಡಿದು ಎಡಗಾಲಿನಿಂದ ಮೂರು ಸಲ ಒದ್ದು ಕಳಿಸುವರು. ದುಡ್ಡು ಮುಟ್ಟುತ್ತಿರಲಿಲ್ಲ, ತೆಂಗಿನಕಾಯಿ ಕೊಟ್ಟರೆ ಬೇಡ ಎನ್ನುತ್ತಿರಲಿಲ್ಲ. ಎರಡು ಮೂರು ವಾರದಲ್ಲಿ ಬಹಳ ಮಂದಿಗೆ ಗುಣವೂ ಆಗುತ್ತಿತ್ತು. ಔಷಧದ ಅಂಗಡಿಯಲ್ಲಿ ಕೂತು ತಲೆ ನರೆಸಿಕೊಂಡ ನನಗೆ ಈಗ ಅನಿಸುವುದಿಷ್ಟು: ಅತ್ತೆಗೆ ಬಂದ ಹೆಸರಿನಲ್ಲಿ ಆ ಎರಡು ಮೂರು ವಾರಗಳ ಪಾಲೇ ದೊಡ್ಡದು. ನಡನೋವು ಬಹುಮಟ್ಟಿಗೆ ತಾನೇ ಇಳಿಯುವಂಥದ್ದು. ಇಳಿಯುವ ಹೊತ್ತಿಗೆ ಯಾರ ಕೈ ಮೈಮೇಲಿತ್ತೋ, ಯಾರ ಕಾಲಿತ್ತೋ, ಯಶಸ್ಸು ಅವರದು.

ಕಲ್ಯಾಣದ ಸೀಮೆಗೆ ಈ ನೋವು ಹೊಸದಲ್ಲ. ಹನ್ನೆರಡನೆಯ ಶತಮಾನದಲ್ಲಿ ಇಲ್ಲಿಂದಲೇ ಆಳಿದ ಮೂರನೆಯ ಸೋಮೇಶ್ವರ ತನ್ನ ‘ಮಾನಸೋಲ್ಲಾಸ’ದಲ್ಲಿ ಅರಸನ ಮೈಗೆ ಎಣ್ಣೆ ತಿಕ್ಕುವ ಬಗೆಯನ್ನು ಸಾವಕಾಶವಾಗಿ ಬರೆದಿದ್ದಾನೆ. ಅದೇ ಶತಮಾನದಲ್ಲಿ ಸೌದೆ ಹೊರೆ ಮಾರಿ ಬದುಕಿದ ಮೋಳಿಗೆಯ ಮಾರಯ್ಯನ ನಡಕ್ಕೆ ಯಾರು ಎಣ್ಣೆ ತಿಕ್ಕಿದರೋ! ಹಗ್ಗ ಹೊಸೆಯುವ ನುಲಿಯ ಚಂದಯ್ಯನದೂ ಬಗ್ಗಿ ಮಾಡುವ ಕಾಯಕವೇ. ಶರಣರ ನಡುವೆ ವೈದ್ಯ ಸಂಗಣ್ಣನೂ ಇದ್ದ ಎನ್ನುವುದು ಸಮಾಧಾನ. ಸೊಂಟದಿಂದ ಹಿಮ್ಮಡಿವರೆಗೆ ಎಳೆಯುವ ನೋವನ್ನು ಆಯುರ್ವೇದ ಗೃಧ್ರಸಿ ಎಂದಿತು. ಮೊಣಕಾಲ ಸಂದಿಗೆ ನಾಲ್ಕು ಬೆರಳು ಮೇಲೆ ಇಲ್ಲವೇ ಕೆಳಗೆ ರಕ್ತನಾಳ ಚುಚ್ಚಿ ನೆತ್ತರು ತೆಗೆಯಲು ಸುಶ್ರುತ ಹೇಳಿದ. ಯುನಾನಿ ಹಕೀಮರು ಅದೇ ನೋವನ್ನು ಇರ್ಕುನ್ನಿಸಾ ಎಂದು ಕರೆದು ಬಟ್ಟಲು ಹಚ್ಚಿ ರಕ್ತ ಎಳೆದರು. ಹಳ್ಳಿಯವರು ಕಾಯಿಸಿದ ಕಬ್ಬಿಣದಿಂದ ಬರೆ ಹಾಕಿದರು. ಬೆನ್ನ ಮೇಲೆ ಆ ಬರೆಯ ಗುರುತಿರುವ ಮುದುಕರನ್ನು ನಾನೇ ಕಂಡಿದ್ದೇನೆ.

ನೋವು ಮರೆಸುವ ಹೊಸ ವಿದ್ಯೆಯ ಸುದ್ದಿ ನಮ್ಮ ಆಗಿನ ರಾಜಧಾನಿಯಿಂದಲೇ ಲೋಕಕ್ಕೆ ಹೋದದ್ದೂ ಉಂಟು. ಆಗ ನಾವು ನಿಜಾಮರ ಸೀಮೆಯವರು, ಬಸವಕಲ್ಯಾಣ ಇನ್ನೂ ಕಲ್ಯಾಣಿ, ನವಾಬರ ಜಹಗೀರು. 1888 ಮತ್ತು 1889ರಲ್ಲಿ ಹೈದರಾಬಾದಿನಲ್ಲಿ ಎಡ್ವರ್ಡ್ ಲಾರಿ ಎಂಬ ಸರ್ಜನ್ ಕ್ಲೋರೋಫಾರ್ಮ್ ಪರೀಕ್ಷೆಗೆ ಎರಡು ಆಯೋಗ ನಡೆಸಿದ. ಎರಡನೆಯದಕ್ಕೆ ಇಂಗ್ಲೆಂಡಿನಿಂದ ತಜ್ಞನನ್ನು ಕರೆಸಲು ನಿಜಾಮ ಮಹಬೂಬ್ ಅಲಿ ಖಾನ್ ಸಾವಿರ ಪೌಂಡ್ ಕೊಟ್ಟ. ಹೈದರಾಬಾದಿನಲ್ಲೇ ಕಲಿತ ರೂಪಾಬಾಯಿ ಫರ್ದೂನ್‌ಜಿ ಕ್ಲೋರೋಫಾರ್ಮ್ ಕೊಡುವುದರಲ್ಲಿ ಪಳಗಿದ ಹೆಣ್ಣುಮಗಳು.

ನಡಕ್ಕೆ ಮಾಡುವ ಸೂಜಿಯ ಕತೆ ಮಾತ್ರ ಶುರುವಾದದ್ದು ಪ್ಯಾರಿಸಿನಲ್ಲಿ. 1901ರಲ್ಲಿ ಸಿಕಾರ್ ಮತ್ತು ಕಾತ್ಲಾಂ ಎಂಬ ಇಬ್ಬರು ವೈದ್ಯರು, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಬಾಲದೆಲುಬಿನ ಕಡೆಯ ಕಿಂಡಿಯಿಂದ ಸೂಜಿ ಹಾಕಿ ಕೊಕೇನ್ ಬಿಟ್ಟರು. ಸಿಕಾರ್ ಅದನ್ನು ಕಾಲಿಗೆ ಎಳೆಯುವ ನೋವಿಗೇ ಬಳಸಿದ. ಇದರಲ್ಲಿ ನನಗೆ ಸೋಜಿಗವೆನಿಸುವುದು, ನೋವು ಯಾಕೆ ಬರುತ್ತದೆಂದು ಆಗ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಬೆನ್ನುಮಣಿಗಳ ನಡುವಿನ ಡಿಸ್ಕ್ ಹೊರಚಾಚಿ ನರವನ್ನು ಒತ್ತುತ್ತದೆಂದು ಅಮೆರಿಕದ ಮಿಕ್ಸ್‌ಟರ್ ಮತ್ತು ಬಾರ್ ತೋರಿಸಿಕೊಟ್ಟದ್ದು 1934ರಲ್ಲಿ. ಅಂದರೆ ಕಾರಣ ಸಿಗುವ ಮೂವತ್ತು ವರ್ಷ ಮೊದಲೇ ಸೂಜಿ ಸರಿಯಾದ ಜಾಗ ಮುಟ್ಟಿತ್ತು. ಸೊಂಟದ ಮಟ್ಟದಲ್ಲಿ ಮಣಿಗಳ ನಡುವಿನಿಂದ ಹಾಕುವ ದಾರಿಯನ್ನು 1921ರಲ್ಲಿ ಬರೆದಿಟ್ಟವನು ಸ್ಪೇನಿನ ಸೈನ್ಯದ ಸರ್ಜನ್ ಫಿದೆಲ್ ಪಾಜೆಸ್. ಎರಡೇ ವರ್ಷಕ್ಕೆ ಮೋಟಾರು ಅಪಘಾತದಲ್ಲಿ ಸತ್ತ, ಅವನ ಲೇಖನ ಸ್ಪೇನಿನ ಆಚೆ ಹೆಚ್ಚು ಜನರ ಕಣ್ಣಿಗೆ ಬೀಳಲಿಲ್ಲ. ಹತ್ತು ವರ್ಷದ ಮೇಲೆ ಇಟಲಿಯ ದೊಲಿಯೊತ್ತಿ ಅದೇ ದಾರಿಯನ್ನು ಮತ್ತೆ ಕಂಡುಹಿಡಿದು ಹೆಸರು ಪಡೆದ. ಅವನು ಕಲಿಸಿದ ಗುರುತು ಇಂದಿಗೂ ನಡೆಯುತ್ತದೆ. ಮಣಿಗಳನ್ನು ಹಿಡಿದಿಡುವ ಬಿಗಿಯಾದ ಕಟ್ಟಿನೊಳಗೆ ಸೂಜಿ ಇರುವ ತನಕ ಸಿರಿಂಜಿನ ದಂಡ ಒತ್ತಿದರೂ ಹೋಗುವುದಿಲ್ಲ. ಆಚೆಯ ಸಡಿಲು ಜಾಗ ಸಿಕ್ಕ ಕ್ಷಣ ಹೆಬ್ಬೆರಳಿನ ಕೆಳಗೆ ಅದು ಸರಕ್ಕನೆ ಜಾರುತ್ತದೆ. ಆ ಜಾಗ ಮಿದುಳುಬಳ್ಳಿಯ ಚೀಲದ ಹೊರಗೆ, ಕೊಬ್ಬು ಮತ್ತು ಸಣ್ಣ ರಕ್ತನಾಳಗಳಿರುವ ಸಂದು. ಈಗ ಎಕ್ಸ್‌ರೇ ಪರದೆಯ ಸಿ-ಆರ್ಮ್ ನೋಡಿಕೊಂಡು ಮಾಡುತ್ತಾರೆ.

ಒಳಗೆ ಹೋಗುವ ಔಷಧ ಮಾತ್ರ ಬದಲಾಗುತ್ತಲೇ ಬಂತು. ಮೊದಲು ಕೊಕೇನ್, ಆಮೇಲೆ ಪ್ರೋಕೇನ್ ಬೆರೆಸಿದ ಉಪ್ಪುನೀರು. 1952ರಲ್ಲಿ ಇಟಲಿಯ ರೊಬೆಕ್ಕಿ ಮತ್ತು ಕಾಪ್ರಾ ನರದ ಬುಡಕ್ಕೆ ಹೈಡ್ರೋಕಾರ್ಟಿಸೋನ್ ಬಿಟ್ಟರು. ಅಲ್ಲಿಂದ ಸ್ಟೆರಾಯ್ಡಿನ ಕಾಲ. ಮಿಥೈಲ್‌ಪ್ರೆಡ್ನಿಸೊಲೋನ್ ಬಾಟಲಿ ನನ್ನ ಕಪಾಟಿನಲ್ಲೂ ಇರುತ್ತದೆ. ಇಟ್ಟಲ್ಲೇ ಇದ್ದರೆ ಬಿಳಿ ಪುಡಿ ತಳ ಹಿಡಿಯುತ್ತದೆ, ಅಲುಗಿಸಿದರೆ ಹಾಲಿನ ಬಣ್ಣ. ಅಷ್ಟು ಸಣ್ಣ ಬಾಟಲಿ 2012ರಲ್ಲಿ ಅಮೆರಿಕದಲ್ಲಿ ಮಾಡಿದ ಅನಾಹುತ ದೊಡ್ಡದು. ಮ್ಯಾಸಚೂಸೆಟ್ಸಿನ ಒಂದು ತಯಾರಿಕಾ ಸಂಸ್ಥೆಯ ಬಾಟಲಿಗಳಲ್ಲಿ ಬೂಸ್ಟು ಸೇರಿ 700ಕ್ಕೂ ಹೆಚ್ಚು ಮಂದಿ ಕಾಯಿಲೆ ಬಿದ್ದರು, 60ಕ್ಕೂ ಹೆಚ್ಚು ಮಂದಿ ಸತ್ತರು. ಸೂಜಿ ಹಾಕಿದ ವೈದ್ಯರ ಕೈ ತಪ್ಪಿರಲಿಲ್ಲ, ತಪ್ಪಿದ್ದು ಔಷಧ ತುಂಬಿದ ಕೋಣೆಯಲ್ಲಿ. ಅಂಗಡಿಯವನಾಗಿ ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ಪುಣೆ–ಹೈದರಾಬಾದ್ ಹೆದ್ದಾರಿ ನಮ್ಮ ಹುಮನಾಬಾದ, ಬಸವಕಲ್ಯಾಣ ಎರಡೂ ಊರುಗಳಿಗೆ ಅನ್ನವನ್ನೂ ನಡನೋವನ್ನೂ ಕೊಟ್ಟಿದೆ. ಲಾರಿ ಡ್ರೈವರುಗಳು, ಬಸವಕಲ್ಯಾಣದ ಗ್ಯಾರೇಜುಗಳಲ್ಲಿ ಗಾಡಿಯ ಕೆಳಗೆ ಅಂಗಾತ ಮಲಗಿ ದುಡಿಯುವವರು, ತೊಗರಿ ಚೀಲ ಎತ್ತುವ ಹಮಾಲರು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗಿ ಎಂಆರ್‌ಐ ಚೀಲ ಹಿಡಿದು ಬರುತ್ತಾರೆ. “ಕಾಕಾ, ನಡದ ಮಣಿ ಎಲ್-ನಾಕು ಎಲ್-ಐದು ಅಂದಾರ. ಬೆನ್ನಾಗ ಸೂಜಿ ಮಾಡ್ತೀವಿ ಅಂತಾರ. ಮಾಡಸ್ಕೊಳ್ಳಲಾ?” ಹೌದು, ಅಲ್ಲ ಎನ್ನುವುದು ಡಾಕ್ಟರರ ಮಾತು. ಹೆಣ್ಣುಮಕ್ಕಳದು ಬೇರೆ ತಕರಾರು: “ಹೆರಿಗಿ ಆಪರೇಷನ್ದಾಗ ಬೆನ್ನಿಗಿ ಸೂಜಿ ಮಾಡಿದ್ರು, ಅವತ್ತಿನಿಂದ ನಡ ಹಿಡದದ.” ಮರಗಟ್ಟಿಸುವ ಆ ಸೂಜಿಯಿಂದ ಕೆಲ ದಿನ ತಲೆನೋವು ಬರಬಹುದು, ಚುಚ್ಚಿದ ಜಾಗ ನೋಯಬಹುದು. ವರ್ಷಗಟ್ಟಲೆ ನಡನೋವು ಅದರಿಂದ ಬರುವುದಿಲ್ಲ. ಬಸುರಿನಲ್ಲಿ ಸಡಿಲಾದ ಸೊಂಟ, ಆಮೇಲೆ ಕೂಸನ್ನೂ ಕೊಡವನ್ನೂ ಎತ್ತಿದ ಬೆನ್ನು, ಇವುಗಳ ಲೆಕ್ಕ ಯಾರೂ ಇಡುವುದಿಲ್ಲ.

ಡ್ರೈವರುಗಳಿಗೆ ನಾನು ತಿಳಿದಷ್ಟು ಹೇಳುತ್ತೇನೆ. ಡಿಸ್ಕ್ ನರ ಒತ್ತಿ ಕಾಲಿಗೆ ಎಳೆಯುತ್ತಿದ್ದರೆ ಸೂಜಿ ಕೆಲವು ವಾರ ನೋವು ತಗ್ಗಿಸಬಹುದು, ಅಷ್ಟರಲ್ಲಿ ನರದ ಉರಿ ತಾನೇ ಆರುವುದುಂಟು. ಬರೀ ನಡವೇ ನೋಯುವವರಿಗೆ ಅದರಿಂದ ಸಿಗುವ ಫಲ ಕಡಿಮೆ. ರಕ್ತ ತೆಳು ಮಾಡುವ ಗುಳಿಗೆ ತಗೊಳ್ಳುವವರು ಅದನ್ನು ಮುಚ್ಚಿಡಬಾರದು. ಉಚ್ಚೆ ಕಟ್ಟಿದರೆ, ತೊಡೆಸಂದು ಜೋಮು ಹಿಡಿದರೆ ಸೂಜಿಯ ಮಾತು ಬಿಟ್ಟು ಅವತ್ತೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆಯವರಿಗೆ ಸ್ಟೆರಾಯ್ಡ್ ಹೋದ ಮೇಲೆ ಕೆಲ ದಿನ ಸಕ್ಕರೆ ಏರುತ್ತದೆ. ಮೊನ್ನೆ ಒಬ್ಬ ಹೀಗೇ ಏರಿಸಿಕೊಂಡು ಬಂದು, “ಸೂಜಿ ಭಾರಿ ಪವರ್ ಅದ ಕಾಕಾ, ಕಾಲು ಹಗುರಾಗ್ಯಾವ” ಎಂದ. ಪಕ್ಕದಲ್ಲೇ ನಿಂತಿದ್ದ ಹೆಂಡತಿ, ಗುಣವಾದದ್ದು ಸೂಜಿಯಿಂದಲ್ಲ, ತಾನು ವೀರಭದ್ರ ದೇವರಿಗೆ ಹೊತ್ತ ಹರಕೆಯಿಂದ ಎಂದಳು. ನಾನು ಇಬ್ಬರಿಗೂ ಹೂಂಗುಟ್ಟಿ, ಸಕ್ಕರೆ ನೋಡುವ ಪಟ್ಟಿಯ ಡಬ್ಬಿ ಕಟ್ಟಿಕೊಟ್ಟೆ.