ಉದರವೂ ಹೃದಯವೂ

1953ರಲ್ಲಿ ತುಂಗಭದ್ರೆಗೆ ಅಣೆಕಟ್ಟು ನಿರ್ಮಾಣವಾಗಿ, ಎಡದಂಡೆಯ ಕಾಲುವೆಯ ನೀರು ಇಂದಿನ ಕೊಪ್ಪಳ ಜಿಲ್ಲೆಯ ಗಂಗಾವತಿಯ ಸೀಮೆಗೆ ಹರಿದ ಮೇಲೆ, ಜೋಳದ ಹೊಲಗಳು ಗದ್ದೆಗಳಾದುವು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದುವು. ಕಾರಟಗಿಯಲ್ಲಿ ಅಕ್ಕಿಗಿರಣಿಗಳು ಬೆಳೆದುವು. ಹಬ್ಬದ ದಿನ ಕಾಣುತ್ತಿದ್ದ ಅನ್ನವು ನಿತ್ಯದ ಉಣಿಸಾಯಿತು. ಕುಷ್ಟಗಿ ಯಲಬುರ್ಗಗಳ ಮಳೆಯಾಶ್ರಯದ ನೆಲದಲ್ಲಾದರೋ ಸಜ್ಜೆ, ನವಣೆ, ಹೆಸರು, ಹುರುಳಿಗಳೇ ಬಹುಕಾಲ ನಿಂತುವು.

ಚರಕಸಂಹಿತೆಯು ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಅತಿಸ್ಥೂಲನ ದೋಷಗಳನ್ನು ಎಣಿಸುತ್ತ ಆಯುಸ್ಸಿನ ಹ್ರಾಸವನ್ನೇ ಮೊದಲು ಹೇಳಿ, ಅಂಥವನಿಗೆ ವಿಧಿಸುವ ಧಾನ್ಯಗಳಲ್ಲಿ ನವಣೆ, ಸಾವೆ, ಹೆಸರು, ಹುರುಳಿಗಳನ್ನು ಸೇರಿಸಿದೆ. ಯಲಬುರ್ಗದ ಬಡ ಒಕ್ಕಲಿಗನು ಕಟಕ ರೊಟ್ಟಿಯನ್ನು ಪುಂಡಿಪಲ್ಯ, ಹೆಸರುಕಾಳುಗಳೊಡನೆ ಉಂಡುದು ಈ ಪಥ್ಯಕ್ಕೆ ಎಷ್ಟು ಸಮೀಪವಾಗಿದ್ದಿತೆಂಬುದು ನನ್ನನ್ನು ಬೆರಗುಗೊಳಿಸುತ್ತದೆ. ಇಂದಿನ ಬೊಜ್ಜಿಗೂ ಅದು ತರುವ ಹೃದ್ರೋಗಕ್ಕೂ ಅನ್ನವೊಂದನ್ನೇ ದೂಷಿಸುವುದು ನ್ಯಾಯವಲ್ಲ. ಎಣ್ಣೆ ಸಕ್ಕರೆಗಳು ಹೆಚ್ಚಿ, ಮೈದುಡಿಮೆ ತಗ್ಗಿದುದೂ ಅಷ್ಟೇ ಕಾರಣ.

ಕಾಲುವೆಯ ನೀರು ಬಂದ ಆ ದಿನಗಳಲ್ಲಿಯೇ, 1954ರಲ್ಲಿ, ಅಮೆರಿಕದ ಮಿನೆಸೋಟದ ಕ್ರೆಮೆನ್, ಲಿನ್ನರ್ ಮೊದಲಾದ ಶಸ್ತ್ರವೈದ್ಯರು, ಸಣ್ಣಕರುಳಿನ ಬಹುಭಾಗವನ್ನು ಆಹಾರದ ಹಾದಿಯಿಂದ ತಪ್ಪಿಸಿ ತೂಕವನ್ನಿಳಿಸುವ ಕ್ರಮವನ್ನು ಪ್ರಕಟಿಸಿದರು. ತೂಕವೇನೋ ಇಳಿಯಿತು, ಆದರೆ ಯಕೃತ್ತು ಕೆಟ್ಟು, ಮೂತ್ರಪಿಂಡದಲ್ಲಿ ಕಲ್ಲುಗಟ್ಟಿ ರೋಗಿಗಳು ನವೆದುದರಿಂದ ವೈದ್ಯಲೋಕವು ಅದನ್ನು ಕೈಬಿಟ್ಟಿತು. 1966ರಲ್ಲಿ ಅಯೋವಾದ ಎಡ್ವರ್ಡ್ ಮೇಸನ್ ಜಠರವನ್ನೇ ಕಿರಿದುಗೊಳಿಸುವ ದಾರಿ ಹಿಡಿದನು. ಹೃದ್ರೋಗಕ್ಕಾಗಿಯೇ ಕರುಳಿಗೆ ಕತ್ತರಿ ಹಾಕಿದ ಕೀರ್ತಿ ಶಸ್ತ್ರವೈದ್ಯ ಹೆನ್ರಿ ಬುಕ್‌ವಾಲ್ಡ್‌ನದು: ಹೃದಯಾಘಾತದಿಂದ ಬದುಕುಳಿದ 838 ಜನರಲ್ಲಿ ಅರ್ಧದಷ್ಟು ಮಂದಿಗೆ, ತೂಕಕ್ಕಾಗಿಯಲ್ಲ, ಕೊಲೆಸ್ಟರಾಲನ್ನು ತಗ್ಗಿಸಲಿಕ್ಕಾಗಿ, ಕರುಳಿನ ಕೊನೆಯ ಭಾಗವನ್ನು ಬಳಸಿ ಹೋಗುವ ಹಾದಿಯನ್ನು ಹೊಲಿದು, ಹೃದಯದ ಮರಣ ಮತ್ತು ಮರುಆಘಾತಗಳು ಒಟ್ಟಿನಲ್ಲಿ ನೂರಕ್ಕೆ 35ರಷ್ಟು ತಗ್ಗಿದುದನ್ನು ಅವನ ತಂಡವು 1990ರಲ್ಲಿ ತೋರಿಸಿತು. 1987ರಲ್ಲಿ ಆರಂಭವಾದ ಸ್ವೀಡನ್ನಿನ ದೀರ್ಘ ಅಧ್ಯಯನವೂ ತೂಕವಿಳಿಸುವ ಶಸ್ತ್ರಕ್ರಿಯೆಯಾದವರಲ್ಲಿ ಹೃದಯಮರಣ ಕಡಿಮೆಯೆಂದು 2012ರಲ್ಲಿ ಸಾರಿತು.

ಆದರೂ ದುರ್ಬಲಹೃದಯನಿಗೆ ಅರಿವಳಿಕೆಯೇ ಒಂದು ಅಪಾಯ. ಹೃದಯವೈದ್ಯ, ಶಸ್ತ್ರವೈದ್ಯ, ಅರಿವಳಿಕೆವೈದ್ಯರು ಒಟ್ಟಾಗಿ ತೂಗಿ ನೋಡದೆ ತೂಕವಿಳಿಸುವ ಶಸ್ತ್ರಕ್ರಿಯೆಯನ್ನು ಕೈಗೊಳ್ಳಲಾಗದು. ಸಫಲವಾದಲ್ಲಿ ಉಬ್ಬಸ ತಗ್ಗುವುದು, ಸಕ್ಕರೆ ಹತೋಟಿಗೆ ಬರುವುದು, ಸೋತ ಹೃದಯದ ಹೊರೆ ಇಳಿಯುವುದು. 2022ರ ಅಂತರರಾಷ್ಟ್ರೀಯ ಮಾರ್ಗಸೂಚಿಯು ಏಷ್ಯದವರಿಗೆ ದೇಹತೂಕ ಸೂಚ್ಯಂಕ 27.5ನ್ನು ದಾಟಿದೊಡನೆಯೇ ಈ ವಿಚಾರವನ್ನು ಎತ್ತಬಹುದೆನ್ನುವುದರಿಂದ, ನಮ್ಮವರಲ್ಲಿ ಅನೇಕರು ಅದರ ಪರಿಧಿಯೊಳಗೆ ಬರುವರು. ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಿ ಶಸ್ತ್ರಕ್ರಿಯೆ ಮಾಡಿಸಿಕೊಂಡು ಬಂದವನು ಮೊದಲ ವಾರಗಳಲ್ಲಿ ಬಟ್ಟಲಿನ ಮಜ್ಜಿಗೆ, ಬೇಳೆಕಟ್ಟುಗಳಿಗೇ ತೃಪ್ತನಾಗಬೇಕು. ಮುಂದೆ ಜೀವಮಾನವಿಡೀ ಕಬ್ಬಿಣ, ಬಿ12 ಸತ್ತ್ವಗಳ ಕೊರತೆಯನ್ನು ರಕ್ತಪರೀಕ್ಷೆಯಿಂದ ಕಾಯುತ್ತಿರಬೇಕು. ಆ ದೀರ್ಘ ಆರೈಕೆಯನ್ನು, 2015ರಲ್ಲಿ ವೈದ್ಯಕೀಯ ಕಾಲೇಜು ಬಂದ ಕೊಪ್ಪಳದಲ್ಲಿಯೇ ದೊರಕಿಸಿಕೊಡುವುದು ಅತ್ಯಾವಶ್ಯಕ. ಕುಷ್ಟಗಿಯ ಹಳ್ಳಿಯ ರೋಗಿಯು ಒಂದು ರಕ್ತಪರೀಕ್ಷೆಗಾಗಿ ಪ್ರತಿ ಬಾರಿಯೂ ಬೆಂಗಳೂರಿನ ಬಸ್ಸು ಹತ್ತಲಾರನು.