ಹೂಗಾರ: ಅಡ್ಡಹೆಸರಿನಲ್ಲಿ ಉಳಿದ ಕಸುಬು

ನಮ್ಮ ರೋಣ, ನರಗುಂದ, ಗಜೇಂದ್ರಗಡದ ಕಡೆ ಶಾಲೆಯ ಹಾಜರಿ ಪುಸ್ತಕ ಓದಿದರೆ ಸಾಕು, ಒಂದು ಊರು ನಡೆಯಲು ಏನೇನು ಬೇಕು ಅನ್ನೋದರ ಪಟ್ಟಿ ಸಿಗುತ್ತದೆ. ಬಡಿಗೇರ, ಕಮ್ಮಾರ, ಕುಂಬಾರ, ಪತ್ತಾರ, ಮಡಿವಾಳರ, ಹಡಪದ... ಆ ಸಾಲಿನಲ್ಲೇ ಹೂಗಾರ. ಬಡಿಗೇರರ ಹುಡುಗ ಈಗ ಬ್ಯಾಂಕಿನಲ್ಲಿರಬಹುದು, ಪತ್ತಾರರ ಹುಡುಗಿ ನನ್ನ ಹಾಗೆ ಕೋಡ್ ಬರೆಯುತ್ತಿರಬಹುದು. ಹೆಸರು ಮಾತ್ರ ಕಸುಬನ್ನು ಹೊತ್ತುಕೊಂಡೇ ತಿರುಗುತ್ತದೆ.

ಬೆಂಗಳೂರಿನಲ್ಲಿ ಮದುವೆಯ ವೇದಿಕೆಗೆ ಹೂ ಜೋಡಿಸುವವರನ್ನು 'ಫ್ಲೋರಲ್ ಡಿಸೈನರ್' ಅನ್ನುತ್ತಾರೆ. ಕಾರ್ಡು, ವೆಬ್‌ಸೈಟು, ಮುಂಗಡ ಎಲ್ಲ ಇರುತ್ತದೆ. ಇದು ಹೊಸ ಕಾಲದ ಹೊಸ ವೃತ್ತಿ ಎಂದು ತುಂಬಾ ಜನ ತಿಳಿದಿದ್ದಾರೆ. ಅಲ್ಲ. ನಮ್ಮ ಎರೆಮಣ್ಣಿನ ಸೀಮೆಯಲ್ಲಿ ಹೂವಿನ ಕೆಲಸಕ್ಕೆ ಸಂಬಳ, ಜಮೀನು, ಕಾಳುಕಡಿ ಕೊಟ್ಟು ಜನರನ್ನು ಇಟ್ಟುಕೊಳ್ಳುವುದು ಸಾವಿರ ವರ್ಷದ ಹಿಂದೆಯೇ ಇತ್ತು.

ಗಜೇಂದ್ರಗಡಕ್ಕೆ ಹತ್ತಿರದ ಸೂಡಿಯನ್ನೇ ತೆಗೆದುಕೊಳ್ಳಿ. ಜೋಡು ಕಳಸದ ಗುಡಿ, ನಾಗಕುಂಡ ನೋಡಲು ಹೋದವರಿಗೆ ಈ ಊರು ಗೊತ್ತು. ಹನ್ನೊಂದನೆಯ ಶತಮಾನದಲ್ಲಿ ಇದು ಕಿಸುಕಾಡು ಎಪ್ಪತ್ತರ ರಾಜಧಾನಿ. ಆಳುತ್ತಿದ್ದವಳು ಚಾಲುಕ್ಯ ದೊರೆ ಎರಡನೆಯ ಜಯಸಿಂಹನ ಅಕ್ಕ ಅಕ್ಕಾದೇವಿ. ನಾಣ್ಯ ಅಚ್ಚು ಹಾಕುವ ಟಂಕಸಾಲೆಯೂ ಇಲ್ಲಿತ್ತು. ಇಲ್ಲಿಯ ಶಾಸನಗಳನ್ನು ಬಾರ್ನೆಟ್ ಎಂಬ ವಿದ್ವಾಂಸ 'ಎಪಿಗ್ರಾಫಿಯಾ ಇಂಡಿಕಾ'ದ ಹದಿನೈದನೆಯ ಸಂಪುಟದಲ್ಲಿ ಪ್ರಕಟಿಸಿದ್ದಾನೆ. ಆ ಕಾಲದ ನಮ್ಮ ಸೀಮೆಯ ದಾನಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಪದ 'ಪೂದೋಂಟ'. ಅಂದರೆ ಹೂದೋಟ. ದೇವರ ನೈವೇದ್ಯಕ್ಕೆ ಇಷ್ಟು ಮತ್ತರು ಭೂಮಿ, ದೀಪಕ್ಕೆ ಎಣ್ಣೆಗಾಣ ಎಂದು ಬರೆಸಿದ ಹಾಗೇ, ಹೂವಿಗೂ ಅಳತೆ ಹಾಕಿ ಭೂಮಿ ಬಿಡುತ್ತಿದ್ದರು. ಗುಡಿಯ ಕೆಲಸದವರಲ್ಲಿ 'ಮಾಲೆಗಾರ'ನೂ ಬರುತ್ತಾನೆ. ಹೂ ಕಟ್ಟುವುದೇ ಅವನ ಹುದ್ದೆ.

ಅರಮನೆಯವರಿಗೂ ಇದು ಕಡಿಮೆ ವಿಷಯವಾಗಿರಲಿಲ್ಲ. ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ, ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಗಿಡಗಳ ಆರೈಕೆ, ಸುಗಂಧ ತಯಾರಿಕೆ ಎರಡಕ್ಕೂ ಜಾಗವಿದೆ. ಮುಂದೆ ಕಲ್ಯಾಣದಿಂದ ಆಳಿದ ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ' ಬರೆಸಿದಾಗ ಅರಸನ ಭೋಗಗಳ ಸಾಲಿನಲ್ಲಿ ಮಾಲೆಗೂ ಒಂದು ಭಾಗ ಕೊಟ್ಟ. ಇಷ್ಟೆಲ್ಲ ಇದ್ದೂ ನಮಗೆ ಸಿಗುವುದು ದಾನ ಕೊಟ್ಟವರ, ಬರೆಸಿದವರ ಹೆಸರು. ಮಾಲೆ ಕಟ್ಟಿದವನು ಬರೀ 'ಮಾಲೆಗಾರ'.

ಹೆಸರಿನಿಂದ ಉಳಿದವನು ಒಬ್ಬನೇ ಒಬ್ಬ ಅನ್ನಬಹುದು, ಹೂಗಾರ ಮಾದಯ್ಯ. ಹನ್ನೆರಡನೆಯ ಶತಮಾನದ ಶರಣ. ಶರಣರ ಲಿಂಗಪೂಜೆಗೆ ಹೂವು, ಪತ್ರಿ ಒದಗಿಸುವುದು ಅವನ ಕಾಯಕವಾಗಿತ್ತು ಎಂದು ನಂಬಿಕೆ. ಹೂಗಾರ ಸಮಾಜದವರು ಇವತ್ತಿಗೂ ಅವನ ಜಯಂತಿ ಆಚರಿಸುತ್ತಾರೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ... ಶರಣರು ಕಸುಬನ್ನು ಹೆಸರಿನ ಹಿಂದೆ ಅಡಗಿಸಲಿಲ್ಲ, ಮುಂದೆ ಇಟ್ಟುಕೊಂಡರು. (ನಾವೂ 'ಸಾಫ್ಟ್‌ವೇರ್ ಸುರೇಶ' ಅಂತ ಕರೆಸಿಕೊಂಡರೆ ಹೇಗಿರುತ್ತೆ ಅಂತ ಒಮ್ಮೊಮ್ಮೆ ಯೋಚಿಸುತ್ತೇನೆ :) )

ಶಾಸನ ಬಿಟ್ಟು ಹಳ್ಳಿಗೆ ಬರೋಣ. ಹೂಗಾರ, ಗುರವ, ಜೀರ, ಪೂಜಾರ, ಫುಲಾರಿ... ಊರಿಂದ ಊರಿಗೆ ಹೆಸರು ಬೇರೆ. ಎಂಥೋವೆನ್ ಎಂಬ ಬ್ರಿಟಿಷ್ ಅಧಿಕಾರಿ 1920ರಿಂದ 1922ರವರೆಗೆ ಮುಂಬಯಿ ಪ್ರಾಂತ್ಯದ ಜಾತಿಗಳ ಬಗ್ಗೆ ಮೂರು ಸಂಪುಟ ತಂದ (ನಮ್ಮ ರೋಣ, ನರಗುಂದ ಎಲ್ಲ ಆಗ ಆ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು). ಅದರಲ್ಲಿ ಗುರವರ ಮೇಲೆ ಒಂದು ಅಧ್ಯಾಯವೇ ಇದೆ. ಆದರೆ ಕೆಲಸ ಹೇಗೆ ನಡೆಯುತ್ತಿತ್ತು ಅನ್ನೋದು ತಿಳಿಯಬೇಕಾದರೆ ಹಿರಿಯರನ್ನೇ ಕೇಳಬೇಕು.

ಬೆಳಕು ಹರಿಯುವ ಮೊದಲೇ ಬುಟ್ಟಿ ಹಿಡಿದು ಹೊರಡಬೇಕು. ಹೂವು ಬಿಡಿಸಿ, ಪತ್ರಿ ಆರಿಸಿ, ಗುಡಿಗೆ ಕೊಟ್ಟು, ಆಮೇಲೆ ವಾಡಿಕೆಯ ಮನೆಗಳಿಗೆ. ಮನೆಯವರ ಪೂಜೆಯ ಹೊತ್ತಿಗೆ ಹೂವು ಬಾಗಿಲಲ್ಲಿರಬೇಕು. ಸೋಮವಾರ, ಅಮವಾಸ್ಯೆ, ಶ್ರಾವಣ ಬಂದರೆ ಕೆಲಸ ದುಪ್ಪಟ್ಟು. ಇದಕ್ಕೆ ದಿನದ ಕೂಲಿ ಇಲ್ಲ. ಸುಗ್ಗಿಯಲ್ಲಿ ಕಣಕ್ಕೆ ಹೋದರೆ ರೈತ ಜೋಳ ಅಳೆದು ಕೊಡುತ್ತಿದ್ದ. ಅದೇ 'ಆಯ'.

ಮದುವೆಗೆ ದಂಡಿ, ಬಾಸಿಂಗ, ಮಾಲೆ. ತೇರಿಗೆ ಹಾರ. ಲಿಂಗಾಯತರಲ್ಲಿ ಯಾರಾದರೂ ತೀರಿಕೊಂಡರೆ ಕೂರಿಸಿ ಒಯ್ಯುವ ವಿಮಾನಕ್ಕೂ ಹೂವು. ಹೀಗೆ ಒಂದೇ ಮನೆಯ ತೊಟ್ಟಿಲು, ಹಂದರ, ವಿಮಾನ ಮೂರಕ್ಕೂ ಒಂದೇ ಹೂಗಾರರ ಮನೆತನದ ಕೈ.

ಇದನ್ನು 'ಆಹಾ, ಹಿಂದಿನ ಕಾಲ ಎಷ್ಟು ಚಂದ' ಅಂತ ಹೇಳುವವರು ಇದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಮಳೆ ಕೈಕೊಟ್ಟರೆ ರೈತನ ಕಣ ಖಾಲಿ, ಹೂಗಾರನ ಚೀಲವೂ ಖಾಲಿ. ವರ್ಷಪೂರ್ತಿ ಕೊಟ್ಟ ಹೂವಿನ ಲೆಕ್ಕ ಯಾರ ಹತ್ತಿರವೂ ಇರುವುದಿಲ್ಲ. ಬೇಡ ಅನ್ನಿಸಿದರೆ ಬಿಟ್ಟು ಬೇರೆ ಕೆಲಸ ಹಿಡಿಯುವಂತೆಯೂ ಇಲ್ಲ. ಇನ್ನೊಂದು ಮಾತು, ಅಡ್ಡಹೆಸರು ಗಂಡಸಿನದು, ಆದರೆ ಕೂತು ಕಟ್ಟಿದ ಕೈ ಬಹುಪಾಲು ಹೆಂಗಸರದು. ಶಾಸನದ ಮಾಲೆಗಾರನಿಗೆ ಹುದ್ದೆಯಾದರೂ ಇತ್ತು, ಇವರಿಗೆ ಅದೂ ಇಲ್ಲ.

ಕೈಚಳಕ ಸಣ್ಣದೂ ಅಲ್ಲ. ಮಲ್ಲಿಗೆಯನ್ನು ಮೊಗ್ಗಿದ್ದಾಗಲೇ ಬೆಳಗ್ಗೆ ಬಿಡಿಸಬೇಕು, ಸಂಜೆಗೆ ಮಾಲೆಯಲ್ಲೇ ಅರಳಬೇಕು. ಚೆಂಡು ಹೂವನ್ನು ಸೂಜಿಯಲ್ಲಿ ಪೋಣಿಸಬಹುದು, ಮಲ್ಲಿಗೆಯನ್ನು ಬೆರಳಲ್ಲೇ ಗಂಟು ಹಾಕಬೇಕು. ಗಂಟು ಬಿಗಿಯಾದರೆ ತೊಟ್ಟು ಮುರಿಯುತ್ತದೆ, ಸಡಿಲಾದರೆ ಹೂವು ಉದುರುತ್ತದೆ. ದಾರಕ್ಕಿಂತ ನೆನೆಸಿದ ಬಾಳೆನಾರು ಒಳ್ಳೆಯದು, ತಂಪು ಹಿಡಿದಿಡುತ್ತದೆ. ಇದೆಲ್ಲ ಯಾವ ಪುಸ್ತಕದಿಂದಲೂ ಕಲಿತದ್ದಲ್ಲ.

ಅಂದ ಹಾಗೆ, ನಾವು 'ಅನಾದಿ ಕಾಲದಿಂದ' ಎನ್ನುವ ಹೂವುಗಳಲ್ಲಿ ಹಲವು ವಲಸೆ ಬಂದವು. ಚೆಂಡು ಹೂವು, ಸುಗಂಧರಾಜ ಎರಡೂ ಮೆಕ್ಸಿಕೊ ಕಡೆಯವು. ಸೇವಂತಿಗೆಯ ಮೂಲ ಚೀನಾ. ಅಂದರೆ ಅಕ್ಕಾದೇವಿಯ ಕಾಲದ ಸೂಡಿಯ ಗುಡಿಯಲ್ಲಿ ಚೆಂಡು ಹೂವಿನ ಹಾರ ಇರಲು ಸಾಧ್ಯವೇ ಇಲ್ಲ! ಕಸುಬು ಹಳೆಯದು, ಸಾಮಗ್ರಿ ಮಾತ್ರ ಬದಲಾಗುತ್ತಾ ಬಂತು.

ಹೂವಿನ ವ್ಯಾಪಾರವೂ ಹಳೆಯದೇ. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್, ಇಲ್ಲಿಯ ಜನಕ್ಕೆ ಗುಲಾಬಿ ಊಟದಷ್ಟೇ ಅಗತ್ಯ ಎನ್ನುವ ಅರ್ಥದಲ್ಲಿ ಬರೆದಿದ್ದಾನೆ. ಆ ರಾಜಧಾನಿಗೆ ತುಂಗಭದ್ರೆಯ ಮೇಲೆ ಹೂವು ಹೋಗುತ್ತಿದ್ದದ್ದು ನಮ್ಮ ನೆರೆಯ ಹೂವಿನ ಹಡಗಲಿಯಿಂದ ಎಂದು ಪ್ರತೀತಿ. ಹಡಗಲಿ ಮಲ್ಲಿಗೆಗೆ ಈಗ ಜಿಐ ಮಾನ್ಯತೆಯೂ ಇದೆ. ಹೂವಿಗೆ ಸಿಕ್ಕಿತು, ಕಟ್ಟುವ ಕೈಗೆ ಇಲ್ಲ.

ಬೇರೆ ಕಡೆ ಏನಾಯಿತು ನೋಡಿ. 1462ರಲ್ಲಿ ಜಪಾನಿನ ಕ್ಯೋಟೋದಲ್ಲಿ ಇಕೆನೊಬೊ ಸೆಂಕೆಯಿ ಎಂಬ ದೇವಾಲಯದ ಅರ್ಚಕ ಹೂ ಜೋಡಿಸಿದ್ದನ್ನು ನೋಡಲು ಜನ ಮುಗಿಬಿದ್ದರಂತೆ. ಒಬ್ಬ ಭಿಕ್ಷು ಅದನ್ನು ದಿನಚರಿಯಲ್ಲಿ ಬರೆದಿಟ್ಟ. ಅಲ್ಲಿಂದ ಮುಂದೆ ಅದೊಂದು ಪರಂಪರೆ, ಶಾಲೆ, ಇಕೆಬಾನ. ಅಲ್ಲೂ ಗುಡಿಯ ಹೂವೇ, ಇಲ್ಲೂ ಗುಡಿಯ ಹೂವೇ. ಲಂಡನ್ನಿನಲ್ಲಿ ಕಾನ್‌ಸ್ಟನ್ಸ್ ಸ್ಪ್ರೈ ಎಂಬ ಶಿಕ್ಷಕಿ ಕೆಲಸ ಬಿಟ್ಟು 1929ರಲ್ಲಿ ಹೂವಿನ ಅಂಗಡಿ ತೆರೆದಳು. ಬೇಲಿಯ ಕಾಡುಗಿಡ, ಸೊಪ್ಪಿನ ಎಲೆಗಳನ್ನೂ ಹೂದಾನಿಗೆ ತಂದಳು. 1953ರಲ್ಲಿ ಎಲಿಜಬೆತ್ ರಾಣಿಯ ಪಟ್ಟಾಭಿಷೇಕದ ಹೂವಿನ ಕೆಲಸ ಅವಳ ಪಾಲಿಗೆ ಬಂತು. ಅವಳ ಜೀವನಚರಿತ್ರೆಗಳು ಬಂದಿವೆ. ಅವಳ ಪ್ರತಿಭೆಯನ್ನು ನಾನು ಸಣ್ಣದು ಮಾಡುತ್ತಿಲ್ಲ. ಆದರೆ ಬರೆದಿಡುವವರು ಇದ್ದದ್ದೂ ಅವಳ ಅದೃಷ್ಟ ಅಲ್ಲವೇ?

ನಮ್ಮ ಕಡೆ ಆಯದ ಪದ್ಧತಿ ಕರಗಿ ನಗದು ಬಂತು. ಬುಟ್ಟಿ ಹೋಗಿ ಬಸ್‌ಸ್ಟ್ಯಾಂಡಿನ ಅಂಗಡಿ ಬಂತು. ಜೋಳದ ಅಳತೆಯ ಜಾಗದಲ್ಲಿ ಮೊಳ, ಮಾರು. ಆಮೇಲೆ ಕಲ್ಯಾಣಮಂಟಪ, ಅದರ ಜೊತೆ ಡೆಕೋರೇಶನ್ ಗುತ್ತಿಗೆ. ದಕ್ಷಿಣ ಆಫ್ರಿಕಾ ಮೂಲದ ಜರ್ಬೆರಾ ಈಗ ಪಾಲಿಹೌಸುಗಳಿಂದ ಡಬ್ಬಿಯಲ್ಲಿ ಬರುತ್ತದೆ. ಅದನ್ನು ಚುಚ್ಚುವ ಹಸಿರು ಸ್ಪಂಜು 1954ರಲ್ಲಿ ಅಮೆರಿಕದ ಸ್ಮಿದರ್ಸ್ ಕಂಡುಹಿಡಿದದ್ದು. ನೀರು ಹಿಡಿಯುತ್ತದೆ ನಿಜ, ಆದರೆ ಮಣ್ಣಲ್ಲಿ ಕರಗುವುದಿಲ್ಲ. ಬಾಳೆನಾರು ಕರಗುತ್ತಿತ್ತು. ಸ್ಪಂಜಿಗೆ ಗಂಟು ಬೇಕಿಲ್ಲ, ಹಾಗಾಗಿ ಗಂಟು ಬಲ್ಲವರೂ ಬೇಕಿಲ್ಲ. ಬಂಡವಾಳ ಇದ್ದವರು ಯಾರು ಬೇಕಾದರೂ ಗುತ್ತಿಗೆ ಹಿಡಿಯಬಹುದು. ಜಾತಿಯ ಕಟ್ಟು ಸಡಿಲಾದದ್ದು ಒಳ್ಳೆಯದೇ. ಆದರೆ ಅದೇ ಹೊತ್ತಿಗೆ ಕಟ್ಟಲು ಬಲ್ಲ ಹೆಂಗಸರು ಆ ಗುತ್ತಿಗೆದಾರರ ಹತ್ತಿರ ದಿನಗೂಲಿಗೆ ಕೂತಿದ್ದಾರೆ.

ಒಂದನ್ನು ಮಾತ್ರ ಸ್ಪಂಜಿನ ಮೇಲೆ ಮಾಡಲಾಗುವುದಿಲ್ಲ, ಮದುಮಗಳ ದಂಡಿ. ಅದು ಹಣೆಯ ಮೇಲೆ ಕೂರಬೇಕು, ಬಾಗಿದರೂ ಜಾರಬಾರದು. ಹಾಗಾಗಿ ವೇದಿಕೆ ಎಷ್ಟೇ ದೊಡ್ಡ ಗುತ್ತಿಗೆಗೆ ಹೋಗಿದ್ದರೂ, ಮದುವೆಯ ಹಿಂದಿನ ದಿನ ಮನೆಯವರಲ್ಲಿ ಯಾರಾದರೂ ಒಬ್ಬರು ಹೂಗಾರರ ಓಣಿಗೆ ಹೋಗಿ, "ಅವ್ವಾ, ನಾಳೆ ಹತ್ತರ ಒಳಗ ದಂಡಿ ಬೇಕ್ರಿ" ಅಂತ ಹೇಳಿ ಬರುತ್ತಾರೆ.