ಒಂದು ಅಂಕೆಯ ಸೌಜನ್ಯ

ಭಾರತದಲ್ಲಿ ತಂತಿ ಸೇವೆ ಬೆಳೆದದ್ದು ಕೋಲ್ಕತ್ತದಿಂದ. ಇಲ್ಲಿನ ಮೆಡಿಕಲ್ ಕಾಲೇಜಿನ ಪ್ರಾಧ್ಯಾಪಕ ವಿಲಿಯಂ ಓಶಾನೆಸ್ಸಿ 1839ರಲ್ಲಿ ಮೊದಲ ಪ್ರಯೋಗ ನಡೆಸಿದರು. 1851ರ ಹೊತ್ತಿಗೆ ಡೈಮಂಡ್ ಹಾರ್ಬರ್‌ವರೆಗಿನ ಮಾರ್ಗ ಕೆಲಸಕ್ಕೆ ಬಂತು. 1855ರಲ್ಲಿ ಸೇವೆ ಸಾರ್ವಜನಿಕರಿಗೆ ತೆರೆಯಿತು. ಪದಗಳ ಲೆಕ್ಕದಲ್ಲಿ ಹಣ ತೆರಬೇಕಾದ್ದರಿಂದ ಜನರು ಮಾತನ್ನು ಬಿಗಿಹಿಡಿದು ಬರೆಯಲು ಕಲಿತರು. ಮುಂದೆ ಇಲಾಖೆಯೇ ಒಂದು ಉಪಾಯವನ್ನು ಒದಗಿಸಿತು. ದೀಪಾವಳಿ, ಈದ್, ಬಂಗಾಳದ ಬಿಜೊಯಾ, ಮದುವೆ ಮೊದಲಾದ ಸಂದರ್ಭಗಳ ಸಿದ್ಧ ಶುಭಾಶಯಕ್ಕೆ ಒಂದೊಂದು ಸಂಖ್ಯೆ. ಕಳುಹಿಸುವವರು ಸಂಖ್ಯೆಯನ್ನು ಬರೆದರೆ ಸಾಕು. ಊರಿನಿಂದ ದೂರವಿದ್ದವರ ಕೈಗೆ ಪೂರ್ಣ ವಾಕ್ಯವೇ ಸೇರುತ್ತಿತ್ತು. ಸಂಖ್ಯೆಯ ಒಗಟನ್ನು ಬಿಡಿಸುವ ಕಷ್ಟ ಅವರಿಗಿರಲಿಲ್ಲ.

2013ರಲ್ಲಿ ತಂತಿ ಸೇವೆ ನಿಂತಿತು. ಅದೇ ಸೌಜನ್ಯದ ಪ್ರಶ್ನೆಯನ್ನು ಗಣಕಲೋಕವೂ ಎದುರಿಸಿತ್ತು. ಕಡತಗಳನ್ನು ಕುಗ್ಗಿಸಲು 1980ರ ದಶಕದಲ್ಲಿ ಯುನಿಕ್ಸ್ ಬಳಕೆದಾರರಿಗೆ 'ಕಂಪ್ರೆಸ್' ಎಂಬ ತಂತ್ರಾಂಶವಿತ್ತು. ಆಜ್ಞೆಯ ಜೊತೆಗೆ ಸಂಕೇತದ ಗರಿಷ್ಠ ಬಿಟ್‌ಗಳನ್ನು, 9ರಿಂದ 16ರೊಳಗೆ, ಸೂಚಿಸಬಹುದಾಗಿತ್ತು. ಆದರೆ 16 ಬಿಟ್‌ಗಳಲ್ಲಿ ಕುಗ್ಗಿಸಿದ ಕಡತವನ್ನು ಕಡಿಮೆ ಸ್ಮೃತಿಯ ಯಂತ್ರಗಳಲ್ಲಿ ಬಿಚ್ಚಲಾಗುತ್ತಿರಲಿಲ್ಲ. ಆಯ್ಕೆ ಕಳುಹಿಸುವವನದು, ತೊಡಕು ಪಡೆಯುವವನದು.

1992ರಲ್ಲಿ ಜಾನ್-ಲೂ ಗೈಲಿ ಮತ್ತು ಮಾರ್ಕ್ ಆಡ್ಲರ್ ಅವರ 'ಜಿಜಿಪ್' ಬಂದಾಗ ಬಳಕೆದಾರನ ಮುಂದಿದ್ದುದು 1ರಿಂದ 9ರವರೆಗಿನ ಅಂಕೆಗಳು. ತುದಿಗಳೆರಡಕ್ಕೆ 'ಫಾಸ್ಟ್', 'ಬೆಸ್ಟ್' ಎಂಬ ಹೆಸರುಗಳೂ ಇದ್ದವು. ಪುನರಾವೃತ್ತಿಗಳನ್ನು ಹುಡುಕಲು ಯಂತ್ರ ಎಷ್ಟು ಶ್ರಮಿಸಬೇಕು ಎಂಬುದಷ್ಟೇ ಅಂಕೆಯ ಅರ್ಥ. ಯಾವುದನ್ನು ಆರಿಸಿದರೂ ಒಂದಕ್ಷರವೂ ಕಳೆಯದು; ಬಿಚ್ಚುವವನು ಆ ಅಂಕೆಯನ್ನು ತಿಳಿಯಬೇಕಿಲ್ಲ. ಏನನ್ನೂ ಹೇಳದವರಿಗೆ 6.

1996ರ 'ಬಿಜಿಪ್2' ಅದೇ ಅಂಕೆಗಳನ್ನು ಉಳಿಸಿಕೊಂಡಿತು, ಅರ್ಥವನ್ನು ಬದಲಿಸಿತು: ಅಲ್ಲಿ ಅವು ಒಮ್ಮೆಗೆ ಕುಗ್ಗಿಸುವ ತುಂಡಿನ ಗಾತ್ರಗಳು. ಅಂಕೆ ದೊಡ್ಡದಾದಷ್ಟೂ ಬಿಚ್ಚಲು ಬೇಕಾಗುವ ಸ್ಮೃತಿಯೂ ಹೆಚ್ಚು. ಹೊರಗೆ ಪರಿಚಿತ ರೂಪ, ಒಳಗೆ ಹಳೆಯ ತೊಡಕು. 2016ರ 'ಝಡ್‌ಸ್ಟ್ಯಾಂಡರ್ಡ್' 19ರಾಚೆಯ ಹಂತಗಳನ್ನು 'ಅಲ್ಟ್ರಾ' ಎಂದು ಪ್ರತ್ಯೇಕವಾಗಿ ಕೇಳಿದರೆ ಮಾತ್ರ ಕೊಡುತ್ತದೆ. ಅವು ಬಿಚ್ಚುವವನ ಸ್ಮೃತಿಯನ್ನೂ ಹೆಚ್ಚು ಬೇಡುತ್ತವೆ ಎಂದು ಅದರ ಕೈಪಿಡಿಯೇ ಎಚ್ಚರಿಸುತ್ತದೆ.

ಆಜ್ಞೆಯ ಆಯ್ಕೆಗಳನ್ನು ರೂಪಿಸುವವರು ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಇಲ್ಲಿ ಉಳಿಸಿದ್ದರ ಬೆಲೆಯನ್ನು ಆ ತುದಿಯಲ್ಲಿ ತೆರುವವರು ಯಾರು? ಶುಭಾಶಯದ ತಂತಿಯಲ್ಲಿ ಆ ಹೊರೆಯನ್ನು ತಂತಿ ಕಚೇರಿಯೇ ಹೊತ್ತಿತ್ತು.